ಚಿತ್ರದ ಬೆನ್ನಿಗೊಂದು ಹೆಸರು

ಹಾಲಾಡಿಯ ಪೇಟೆ ದೊಡ್ಡದಲ್ಲ. ಕುಂದಾಪುರದಿಂದ ಬಂದ ರಸ್ತೆ ಅಲ್ಲಿ ಕವಲೊಡೆದು ಶಂಕರನಾರಾಯಣದ ಕಡೆಗೂ ಘಟ್ಟದ ಬುಡದ ಊರುಗಳ ಕಡೆಗೂ ಸಾಗುತ್ತದೆ; ಸಮೀಪದಲ್ಲೇ ವಾರಾಹಿ ಹರಿಯುತ್ತದೆ. ಎರಡು ವರ್ಷಗಳ ಹಿಂದೆ, ಈಸ್ಟರ್ ಕಳೆದ ಮೇಲಿನ ಮೇ ತಿಂಗಳಿನಲ್ಲಿ, ಆ ಕಡೆಯ ಒಂದು ಸಭಾಭವನದಲ್ಲಿ ಏರ್ಪಟ್ಟಿದ್ದ ವಿವಾಹ ಸತ್ಕಾರಕೂಟಕ್ಕೆ ನಾವು ಹೋಗಿದ್ದೆವು. ಬಾಗಿಲ ಎಡಬದಿಗೆ ಕಪ್ಪು ಪರದೆ ಇಳಿಬಿಟ್ಟ ಒಂದು ಪುಟ್ಟ ಗೂಡು. ಅದರ ಮುಂದೆ ಜನರ ಸಾಲು. ನವದಂಪತಿಗಳನ್ನು ಹರಸಲು ವೇದಿಕೆಯ ಬಳಿ ನಿಂತಿದ್ದವರ ಸಾಲಿಗಿಂತ ಈ ಸಾಲೇ ಉದ್ದವಾಗಿತ್ತು.

ಅದು ಫೋಟೋ ಬೂತ್ ಎಂದು ಮಕ್ಕಳು ನಮಗೆ ತಿಳಿಸಿದರು. ಒಳಗೆ ಉಂಗುರದಾಕಾರದ ಒಂದು ದೀಪ, ಅದರ ನಡುವೆ ಕ್ಯಾಮೆರಾ, ಪಕ್ಕದ ಮೇಜಿನ ಮೇಲೆ ಒಂದು ಬುಟ್ಟಿ. ಬುಟ್ಟಿಯಲ್ಲಿ ಕಡ್ಡಿಗೆ ಅಂಟಿಸಿದ ಕಾಗದದ ಮೀಸೆಗಳು, ಬಣ್ಣದ ಕನ್ನಡಕಗಳು, ರಟ್ಟಿನ ಕಿರೀಟಗಳು, ದೊಡ್ಡ ಟೋಪಿಗಳು, ತಮಾಷೆಯ ಮಾತು ಬರೆದ ಫಲಕಗಳು. ಒಳಹೊಕ್ಕವರು ಬೇಕಾದುದನ್ನು ಧರಿಸಿ ನಿಲ್ಲುತ್ತಾರೆ. ಯಂತ್ರ ಮೂರು ಎಣಿಸಿ ಒಂದರ ಮೇಲೊಂದರಂತೆ ಚಿತ್ರ ತೆಗೆಯುತ್ತದೆ. ಒಂದು ನಿಮಿಷದೊಳಗೆ ಉದ್ದನೆಯ ಕಾಗದದ ಪಟ್ಟಿ ಹೊರಗೆ ಬೀಳುತ್ತದೆ. ಗಂಭೀರವದನರಾದ ಗುರಿಕಾರರಿಂದ ಹಿಡಿದು ಬಾಲವಾಡಿಯ ಮಕ್ಕಳವರೆಗೆ ಎಲ್ಲರೂ ಒಳಗೆ ಹೋಗಿ ನಗುತ್ತ ಹೊರಗೆ ಬರುತ್ತಿದ್ದರು.

ಆ ಸಾಲಿನಲ್ಲಿ ವರನ ಅಜ್ಜಿಯೂ ಇದ್ದರು. ಎಂಬತ್ತು ದಾಟಿದವರು, ಮೊಮ್ಮಕ್ಕಳಿಬ್ಬರು ಕೈಹಿಡಿದು ಎಳೆತಂದಿದ್ದರು. ಅಜ್ಜಿ ತಾವು ಮಾತ್ರ ಹೋಗಲಿಲ್ಲ. ಅಡುಗೆಯವರ ಜೊತೆ ಪಾತ್ರೆ ತೊಳೆಯಲು ಬಂದಿದ್ದ ಹೆಂಗಸೊಬ್ಬಳು ಪರದೆಯ ಬಳಿ ನಿಂತು ಕುತೂಹಲದಿಂದ ಇಣುಕುತ್ತಿದ್ದಳು. ಅವಳ ಒದ್ದೆ ಕೈಯನ್ನು ಅಜ್ಜಿ ಹಿಡಿದು, "ನೀನೂ ಬಾ ಮಗಾ" ಎಂದು ಒಳಗೆ ಕರೆದೊಯ್ದರು. ಪಟ್ಟಿ ಹೊರಬಿದ್ದಾಗ ನೋಡಿದೆವು: ನಾಲ್ವರು. ಅಜ್ಜಿಯ ಮೂಗಿನ ಕೆಳಗೆ ದೊಡ್ಡ ಕಪ್ಪು ಮೀಸೆ. ಆ ಮೀಸೆಯ ಹಿಂದೆ ಅವರು ನಗುತ್ತಿದ್ದ ನಗುವನ್ನು, ಅವರ ಮನೆಗೆ ಎಷ್ಟೋ ವರ್ಷಗಳಿಂದ ಹೋಗಿಬರುತ್ತಿದ್ದ ನಾವು ಅದುವರೆಗೆ ಕಂಡಿರಲಿಲ್ಲ.

ಒಂದು ಸಲಹೆ, ಒಂದು ತಪ್ಪು

ಮರುವರ್ಷದ ಜುಲೈ ಮಳೆಯಲ್ಲಿ ಅಜ್ಜಿ ತೀರಿಕೊಂಡರು. ಕೊನೆಯ ಸಂಸ್ಕಾರಗಳನ್ನು ನಾವೇ ನೀಡಿದೆವು. ಮೂವತ್ತನೆಯ ದಿನದ ಬಲಿಪೂಜೆಗೆ ಸ್ಮರಣೆಯ ಕಾರ್ಡು ಅಚ್ಚು ಹಾಕಿಸಬೇಕೆಂದು ಅವರ ಮಗ ಫೋಟೋ ಹುಡುಕಿದರು. ಮನೆಯಲ್ಲಿದ್ದವು ಎರಡೇ: ಒಂದು ಮತದಾರರ ಗುರುತಿನ ಚೀಟಿಯದು, ಅದರಲ್ಲಿ ಮುಖವೆಂದರೆ ಬೂದು ಬಣ್ಣದ ಒಂದು ಕಲೆ, ಮತ್ತೊಂದು, ಬೂತಿನಲ್ಲಿ ತೆಗೆದ ಪಟ್ಟಿ. ಅದನ್ನು ಹಿಡಿದುಕೊಂಡು ಅವರು ನಮ್ಮ ಬಳಿ ಬಂದರು. "ಮೀಸೆ ಇರುವ ಫೋಟೋ ಹಾಕಿಸಿದರೆ ಜನ ಏನಂದುಕೊಳ್ಳುತ್ತಾರೆ ಫಾದರ್?" ಎಂದು ಕೇಳಿದರು.

ನಾವು ಹೆಚ್ಚು ಯೋಚಿಸಲಿಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಏನನ್ನಾದರೂ ಅಳಿಸಬಹುದಂತೆ, ಮೀಸೆಯನ್ನೂ ಅಕ್ಕಪಕ್ಕದವರನ್ನೂ ತೆಗೆಸಿಬಿಡಿ ಎಂದು ಸಲಹೆ ಕೊಟ್ಟೆವು. ಹಾಗೆಯೇ ಆಯಿತು. ಎರಡು ದಿನ ಕಳೆದು ಅವರು ಹೊಸ ಪ್ರತಿಯನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ನಿರ್ಮಲವಾದ, ಹೊಳೆಯುವ ಮುಖ. ಮೀಸೆ ಮರೆಮಾಡಿದ್ದ ಭಾಗದಲ್ಲಿ ಕೃತಕ ಬುದ್ಧಿಮತ್ತೆಯ ತಂತ್ರಾಂಶ ತನ್ನ ಊಹೆಯಿಂದ ಒಂದು ತುಟಿಯನ್ನೂ, ಅದರ ಕೆಳಗೆ ತುಂಬು ಹಲ್ಲಿನ ಒಂದು ಸಾಲನ್ನೂ ಬರೆದಿತ್ತು. ಅಜ್ಜಿಗೆ ಮುಂದಿನ ಎರಡು ಹಲ್ಲುಗಳು ಇರಲಿಲ್ಲ. ಮಗ ಬಹಳ ಹೊತ್ತು ಸುಮ್ಮನಿದ್ದು, "ಇದು ನಮ್ಮಮ್ಮ ಅಲ್ಲ ಫಾದರ್" ಎಂದರು.

ಅವರ ಮಾತು ಸರಿಯಾಗಿತ್ತು, ತಪ್ಪು ನಮ್ಮದಾಗಿತ್ತು. ಆ ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದಾಗ ಒಂದು ಪ್ರಶ್ನೆ ನಮ್ಮನ್ನು ಹಿಡಿದುಕೊಂಡಿತು. ಇನ್ನು ಐವತ್ತು ಅಥವಾ ನೂರು ವರ್ಷಗಳ ಬಳಿಕ, ನಮ್ಮ ಕರಾವಳಿಯ ಕ್ರೈಸ್ತರು ಮದುವೆಗಳನ್ನು ಹೇಗೆ ಆಚರಿಸುತ್ತಿದ್ದರು ಎಂದು ಅಧ್ಯಯನ ಮಾಡಲು ಒಬ್ಬ ಸಂಶೋಧಕ ಅಥವಾ ಸಂಶೋಧಕಿ ಬಂದರೆ, ಅವರ ಕೈಗೆ ಇವೆರಡರಲ್ಲಿ ಯಾವುದು ಸಿಕ್ಕೀತು? ಸಿಕ್ಕಿದ್ದರಿಂದ ಅವರು ಏನನ್ನು ತಿಳಿದಾರು?

ನೂರು ವರ್ಷಗಳ ಗೂಡು

ಈ ಗೂಡು ನಿನ್ನೆ ಮೊನ್ನೆಯದಲ್ಲ. ಸೈಬೀರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಅನಾತೊಲ್ ಜೋಸೆಫೊ ಎಂಬಾತನು 1925ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ 'ಫೋಟೋಮ್ಯಾಟನ್' ಎಂಬ ಸ್ವಯಂಚಾಲಿತ ಯಂತ್ರವನ್ನು ಸ್ಥಾಪಿಸಿದನು. 25 ಸೆಂಟ್ ನಾಣ್ಯ ಹಾಕಿದರೆ ಸುಮಾರು 8 ನಿಮಿಷಗಳಲ್ಲಿ 8 ಚಿತ್ರಗಳು. ಮೊದಲ ಆರು ತಿಂಗಳಲ್ಲಿ 2,80,000 ಜನರು ಅದರೊಳಗೆ ಕುಳಿತರೆಂದು ದಾಖಲೆ ಇದೆ. 1927ರಲ್ಲಿ ಆತನು ತನ್ನ ಯಂತ್ರದ ಹಕ್ಕುಗಳನ್ನು 10 ಲಕ್ಷ ಡಾಲರುಗಳಿಗೆ ಮಾರಿದನು. ಛಾಯಾಗ್ರಾಹಕನಿಲ್ಲದೆ, ಇನ್ನೊಬ್ಬರ ಕಣ್ಣಿನ ಸಂಕೋಚವಿಲ್ಲದೆ, ತನ್ನ ಮುಖವನ್ನು ತನಗೆ ಬೇಕಾದಂತೆ ಇಟ್ಟುಕೊಳ್ಳುವ ಸ್ವಾತಂತ್ರ್ಯವೇ ಅದರ ಆಕರ್ಷಣೆಯಾಗಿತ್ತು.

ಆ ಹಳೆಯ ಯಂತ್ರಗಳಲ್ಲಿ ನೆಗೆಟಿವ್ ಇರಲಿಲ್ಲ. ಬಿಂಬ ನೇರವಾಗಿ ಕಾಗದದ ಮೇಲೆಯೇ ಮೂಡುತ್ತಿತ್ತು. ಆದ್ದರಿಂದ ಒಂದೊಂದು ಪಟ್ಟಿಯೂ ಲೋಕದಲ್ಲಿ ಒಂದೇ ಒಂದು. ನಮ್ಮ ಸಭಾಭವನಗಳಿಗೆ ಬರುವ ಇಂದಿನ ಯಂತ್ರಗಳಲ್ಲಿ ಹಾಗಿಲ್ಲ. ಚಿತ್ರ ಮೊದಲು ಅಂಕೆಗಳಾಗಿ ಕಂಪ್ಯೂಟರಿನಲ್ಲಿ ಕೂಡಿಡಲ್ಪಟ್ಟು, ಬಳಿಕ ಕಾಗದಕ್ಕೆ ಇಳಿಯುತ್ತದೆ. ಅನೇಕ ಯಂತ್ರಗಳಲ್ಲಿ ಹಳದಿ, ನಸುಗೆಂಪು, ನೀಲಿ ಬಣ್ಣಗಳ ಒಂದು ರಿಬ್ಬನ್ನಿನಿಂದ ಬಣ್ಣವು ಶಾಖದ ಮೂಲಕ ಕಾಗದಕ್ಕೆ ಹತ್ತುತ್ತದೆ. ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದು. ಆದರೆ ಎಷ್ಟು ಬೇಕಾದರೂ ಸಿಗುತ್ತದೆ ಎಂದಾಗ ಒಂದನ್ನೂ ಜೋಪಾನ ಮಾಡದಿರುವುದು ಮನುಷ್ಯ ಸ್ವಭಾವ.

ಹಳೆಯ ಚಿತ್ರಗಳು ಸಂಶೋಧಕರಿಗೆ ಎಂಥ ಸಾಕ್ಷ್ಯವಾಗುತ್ತವೆ ಎಂಬುದಕ್ಕೆ ನಮ್ಮ ಜಿಲ್ಲೆಗಳಲ್ಲೇ ಉದಾಹರಣೆ ಇದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಆ ಮಿಶನ್ನಿನವರು ಕೆನರಾ ಸೀಮೆಯಲ್ಲಿ ತೆಗೆದ ಮತ್ತು ತೆಗೆಸಿದ ಛಾಯಾಚಿತ್ರಗಳು ಇಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆ ಭಂಡಾರದಲ್ಲಿ ಸುರಕ್ಷಿತವಾಗಿವೆ. ಅಂತರಜಾಲದಲ್ಲಿಯೂ ನೋಡಲು ದೊರೆಯುತ್ತವೆ. ನಮ್ಮ ಹಿರಿಯರ ಉಡುಪು, ಮನೆ, ಹೆಂಚಿನ ಕಾರ್ಖಾನೆ, ಶಾಲೆಗಳನ್ನು ಕುರಿತು ಬರೆಯುವವರಿಗೆ ಅವು ಅಮೂಲ್ಯ. ಆದರೆ ಆ ಕಾಲದ ಇಂಥ ಸಂಗ್ರಹಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ವಿದೇಶದಿಂದ ಬಂದವರ ಹೆಸರು ಚಿತ್ರದ ಕೆಳಗೆ ಇರುತ್ತದೆ. ಅವರ ಪಕ್ಕದಲ್ಲಿ ನಿಂತ ನಮ್ಮೂರವರು ಅನೇಕ ಸಲ ಬರಿಯ 'ಒಬ್ಬ ಕೆಲಸಗಾರ', 'ಒಬ್ಬ ಹೆಂಗಸು'. ಮುಖ ಉಳಿಯಿತು, ಮನುಷ್ಯರು ಉಳಿಯಲಿಲ್ಲ.

ತಮಿಳುನಾಡಿನಲ್ಲಿಯೂ ಇಂತಹ ಒಂದು ಪ್ರಯತ್ನ ನಡೆದಿದೆ. ಪುದುಚೇರಿಯ ಫ್ರೆಂಚ್ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಅಲ್ಲಿನ ಹಳೆಯ ಸ್ಟುಡಿಯೋಗಳ ಫೋಟೋಗಳನ್ನು ಹುಡುಕಿ ಅವುಗಳ ಡಿಜಿಟಲ್ ಪ್ರತಿ ಮಾಡಿದ್ದಾರೆ. ರಾಜಕುಮಾರರ ಚಿತ್ರಗಳಲ್ಲ, ಸಾಧಾರಣ ಸಂಸಾರಗಳ ಚಿತ್ರಗಳು: ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ, ಮಕ್ಕಳೊಡನೆ ತಾಯ್ತಂದೆ. ಯಾರೋ ತಮ್ಮ ಮನೆಗೆಂದು ತೆಗೆಸಿಕೊಂಡದ್ದು ಇಂದು ಇಡೀ ಸಮಾಜದ ಚರಿತ್ರೆಯಾಗಿದೆ. ಬೂತಿನ ಪಟ್ಟಿಯೂ ನಾಳೆ ಹಾಗೆಯೇ ಆಗಬಹುದು. ಆದ್ದರಿಂದ ಇದು ಕೇವಲ ಮಕ್ಕಳಾಟಿಕೆಯ ವಿಚಾರವಲ್ಲ.

ಮೀಸೆ ಸುಳ್ಳೇ?

ಕಾಗದದ ಮೀಸೆ, ರಟ್ಟಿನ ಕಿರೀಟ ಇವೆಲ್ಲ ಸುಳ್ಳಲ್ಲವೇ, ಇದರಿಂದ ಸಂಶೋಧಕರು ಏನು ಸತ್ಯ ಕಂಡಾರು ಎಂದು ಓದುಗರು ಕೇಳಬಹುದು. ಮೊದಲು ನಾವೂ ಹಾಗೆಯೇ ಭಾವಿಸಿದ್ದೆವು. ಆದರೆ ನಮ್ಮ ಅಜ್ಜ ಅಜ್ಜಿಯರ ಕಾಲದ ಸ್ಟುಡಿಯೋ ಚಿತ್ರಗಳನ್ನು ನೆನಪಿಸಿಕೊಳ್ಳಿ. ಹಿಂದೆ ಬಟ್ಟೆಯ ಮೇಲೆ ಬರೆದ ಅರಮನೆಯ ಕಂಬಗಳು, ಹೂದೋಟ. ಪಕ್ಕದಲ್ಲಿ ಸ್ಟುಡಿಯೋದವರದೇ ಆದ ಮೇಜು, ಹೂದಾನಿ. ಎಷ್ಟೋ ಸಲ ಮೈಮೇಲಿದ್ದ ಕೋಟೂ ಕೈಗಡಿಯಾರವೂ ಎರವಲಿನವು. ಮಣ್ಣಿನ ಗೋಡೆಯ ಮನೆಯವರು ಅರಮನೆಯ ಮುಂದೆ ನಿಂತರು. ಅದನ್ನು ಯಾರೂ ಮೋಸ ಎನ್ನಲಿಲ್ಲ. ಕ್ರಿಸ್ಟೋಫರ್ ಪಿನ್ನಿ ಎಂಬ ಮಾನವಶಾಸ್ತ್ರಜ್ಞರು ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೋಗಳನ್ನು ಅಭ್ಯಸಿಸಿ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ವಿವರಿಸಿದ್ದಾರೆ. ಜನರು ಸ್ಟುಡಿಯೋಕ್ಕೆ ಹೋದದ್ದು ತಾವು ಇದ್ದಂತೆ ಕಾಣಲು ಮಾತ್ರವಲ್ಲ, ತಾವು ಆಗಬಯಸಿದ್ದನ್ನು ಕಾಣಲು ಕೂಡ. ಎರವಲು ಕೋಟು ಆ ಮನುಷ್ಯನ ಪೆಟ್ಟಿಗೆಯಲ್ಲಿ ಏನಿತ್ತೆಂದು ತಿಳಿಸದಿರಬಹುದು, ಅವನ ಮನಸ್ಸಿನಲ್ಲಿ ಏನಿತ್ತೆಂದು ತಿಳಿಸುತ್ತದೆ.

ನಮ್ಮ ಸೀಮೆ ಬಡಗುತಿಟ್ಟಿನ ಯಕ್ಷಗಾನದ ಸೀಮೆ. ಹಾಲಾಡಿಯ ಹೆಸರಿನಲ್ಲೇ ಒಂದು ಮೇಳವಿದೆ. ವೇಷ ಎಂದರೆ ಸುಳ್ಳು ಎಂದು ಈ ಊರಿನ ಮಗುವೂ ಹೇಳಲಾರದು. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಕಿರೀಟ ಕಟ್ಟಿಕೊಂಡವನು ಯಾರ ಮಗ, ಯಾವ ಊರಿನವನು ಎಂಬುದು ಎದುರು ಕುಳಿತವರಿಗೆಲ್ಲ ಗೊತ್ತು. ಹೆಸರು ಗೊತ್ತಿರುವುದರಿಂದಲೇ ವೇಷ ಕಲೆಯಾಗುತ್ತದೆ. ಹೆಸರು ಮರೆತುಹೋದರೆ ಉಳಿಯುವುದು ಬರಿಯ ಬಣ್ಣ.

ಅಲ್ಲದೆ, ಸ್ಟುಡಿಯೋದ ಹಳೆಯ ಗುಂಪು ಚಿತ್ರಗಳಲ್ಲಿ ಒಂದು ಕಠಿಣವಾದ ಕ್ರಮವಿತ್ತು. ನಡುವೆ ಕುರ್ಚಿಯಲ್ಲಿ ಯಜಮಾನರು, ಅಕ್ಕಪಕ್ಕದಲ್ಲಿ ಗಂಡುಮಕ್ಕಳು, ಹಿಂದೆ ನಿಂತ ಸೊಸೆಯಂದಿರು, ನೆಲದ ಮೇಲೆ ಮಕ್ಕಳು. ಯಾರ ಮುಖದಲ್ಲೂ ನಗುವಿಲ್ಲ. ಮನೆಯ ಕೆಲಸದವರಿಗೆ ಆ ಚೌಕಟ್ಟಿನಲ್ಲಿ ಸ್ಥಳವಿರಲಿಲ್ಲ. ಬೂತಿನ ಪರದೆಯ ಒಳಗೆ ಆ ಕ್ರಮ ಕುಸಿದುಬಿಟ್ಟಿದೆ. ಅಜ್ಜಿಯೊಬ್ಬರು ಪಾತ್ರೆ ತೊಳೆಯುವ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟು ನಗಬಹುದಾದ ಸ್ಥಳ ಅದು. ಸಾವಿರ ಸಾವಿರ ರೂಪಾಯಿ ವೆಚ್ಚದ ಮದುವೆಯ ಆಲ್ಬಮ್ಮಿನಲ್ಲಿ ಸಿಗದ ಒಂದು ಸತ್ಯ ಆ ಅಗ್ಗದ ಪಟ್ಟಿಯಲ್ಲಿತ್ತು. ನಾವು ಅಳಿಸಲು ಹೇಳಿದ್ದು ಅದನ್ನೇ.

ನೀರು ತಂದ ಸೇವಕರು

ಆದರೆ ಚಿತ್ರವೊಂದೇ ಸಾಲದು. ಮಂಗಳೂರಿನ ಜೆಪ್ಪು ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ನಮಗೆ ಅರಿಸ್ಟಾಟಲನ ಒಂದು ಸಣ್ಣ ಪ್ರಬಂಧ ಪಾಠಕ್ಕಿತ್ತು, ಸ್ಮರಣೆಯನ್ನು ಕುರಿತದ್ದು. ಅದರಲ್ಲಿ ಆತನು ಒಂದು ಸೂಕ್ಷ್ಮವಾದ ಭೇದವನ್ನು ಮಾಡುತ್ತಾನೆ. ಫಲಕದ ಮೇಲೆ ಬರೆದ ಚಿತ್ರವನ್ನು ನಾವು ಎರಡು ರೀತಿಯಿಂದ ನೋಡಬಹುದು: ಕೇವಲ ಒಂದು ಆಕೃತಿಯೆಂದು, ಅಥವಾ ಇಂಥವರ ಪ್ರತಿರೂಪವೆಂದು. ಕಣ್ಣಿಗೆ ಬೀಳುವುದು ಎರಡರಲ್ಲೂ ಒಂದೇ. ಆದರೆ ಎರಡನೆಯ ನೋಟ ಮಾತ್ರ ಸ್ಮರಣೆ. ಇದು ಇಂಥವರದು ಎಂಬ ಆ ಎಳೆ ಹರಿದರೆ ಚಿತ್ರ ಉಳಿಯುತ್ತದೆ, ಸ್ಮರಣೆ ಹೋಗುತ್ತದೆ. ಅಂದು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದ ಈ ಮಾತಿನ ಅರ್ಥ ನಮಗೆ ತಿಳಿದದ್ದು ಮೂವತ್ತು ವರ್ಷಗಳ ಮೇಲೆ, ಮೇಜಿನ ಮೇಲಿದ್ದ ಎರಡು ಫೋಟೋಗಳ ಮುಂದೆ.

ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳಿಗೆ ಆದದ್ದೂ ಇದೇ. ಯೊವಾನ್ನನ ಶುಭಸಂದೇಶದ 20ನೆಯ ಅಧ್ಯಾಯವನ್ನು ತೆರೆದು ನೋಡಿ. ಆಕೆ ಪ್ರಭುವನ್ನು ಕಣ್ಣಾರೆ ಕಂಡಳು, ಆದರೂ ತೋಟಗಾರನೆಂದು ತಿಳಿದಳು. ಆತನು ಅವಳ ಹೆಸರು ಹಿಡಿದು ಕರೆದ ಕ್ಷಣದಲ್ಲೇ ಗುರುತು ಸಿಕ್ಕಿತು. ನೋಟ ಮಾಡಲಾರದ್ದನ್ನು ಹೆಸರು ಮಾಡಿತು.

ಧರ್ಮಸಭೆ ಇದನ್ನು ಬಲು ಹಿಂದೆಯೇ ಅರಿತಿದೆ. 1563ರಲ್ಲಿ ಟ್ರೆಂಟ್ ಮಹಾಸಭೆ, ಪ್ರತಿಯೊಂದು ವಿವಾಹವನ್ನೂ ಧರ್ಮಗುರುಗಳು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. 1983ರ ಧರ್ಮಸಭಾ ಕಾನೂನಿನ 535ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿ ಸ್ನಾನದೀಕ್ಷೆ, ವಿವಾಹ, ಮರಣಗಳ ಪುಸ್ತಕಗಳಿರಬೇಕು. ಹಳೆಯ ಪುಸ್ತಕಗಳನ್ನೂ ಜಾಗ್ರತೆಯಿಂದ ಕಾಪಾಡಬೇಕು. ವಿವಾಹದ ಪುಸ್ತಕದಲ್ಲಿ ವಧೂವರರ ಹೆಸರು ಮಾತ್ರವಲ್ಲ, ಸಾಕ್ಷಿಗಳ ಹೆಸರು, ವಿವಾಹ ನೆರವೇರಿಸಿದವರ ಹೆಸರು, ಸ್ಥಳ, ದಿನ ಎಲ್ಲವೂ ಇರಬೇಕು. ಮಳೆಗಾಲದ ರಾತ್ರಿಗಳಲ್ಲಿ ಹಳೆಯ ಪುಸ್ತಕಗಳ ಪುಟ ತಿರುವುವಾಗ, ಮುಖವೇ ಗೊತ್ತಿಲ್ಲದ ಆ ಹೆಸರುಗಳೆಲ್ಲ ನಮಗೆ ಬಂಧುಗಳೆನಿಸುತ್ತವೆ. ಪುಸ್ತಕದಲ್ಲಿ ಹೆಸರಿದೆ, ನಗುವಿಲ್ಲ. ಬೂತಿನ ಪಟ್ಟಿಯಲ್ಲಿ ನಗುವಿದೆ, ಹೆಸರಿಲ್ಲ. ನಾಳೆಯ ಸಂಶೋಧಕರು ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಇದನ್ನೂ ಹಿಡಿದು ನಿಂತಾಗ, ಎರಡನ್ನೂ ಜೋಡಿಸುವ ಎಳೆ ಅವರಿಗೆ ಎಲ್ಲಿಂದ ಸಿಗಬೇಕು?

ಚೌಕಟ್ಟಿನ ಹೊರಗೆ ಉಳಿಯುವವರ ಮಾತನ್ನೂ ಇಲ್ಲಿ ಹೇಳಬೇಕು. ಕಾನಾ ಊರಿನ ಮದುವೆಯಲ್ಲಿ ಇಂಥದೊಂದು ಬೂತ್ ಇದ್ದಿದ್ದರೆ ಅದರಲ್ಲಿ ಯಾರಿರುತ್ತಿದ್ದರು? ಒಳ್ಳೆಯ ದ್ರಾಕ್ಷಾರಸ ಕುಡಿದು ಸಂತುಷ್ಟರಾದ ಅತಿಥಿಗಳು. ಆ ಚಿತ್ರ ನೋಡಿದವರು ಏನೂ ಕೊರತೆಯಿಲ್ಲದ ಮದುವೆ ಎಂದುಕೊಳ್ಳುತ್ತಿದ್ದರು. ದ್ರಾಕ್ಷಾರಸ ಮುಗಿದುಹೋದದ್ದು, ತಾಯಿ ಮರಿಯಳು ಅದನ್ನು ಗಮನಿಸಿ ಮಗನಿಗೆ ತಿಳಿಸಿದ್ದು, ಆರು ಕಲ್ಲಿನ ಬಾನೆಗಳಿಗೆ ನೀರು ತುಂಬಿದ್ದು ಯಾವುದೂ ಆ ಚಿತ್ರದಲ್ಲಿ ಇರುತ್ತಿರಲಿಲ್ಲ. ಭೋಜನದ ಮೇಲ್ವಿಚಾರಕನಿಗೂ ತಿಳಿಯದ ಸಂಗತಿ ನೀರು ತಂದ ಸೇವಕರಿಗೆ ತಿಳಿದಿತ್ತೆಂದು ಶುಭಸಂದೇಶಕಾರನು ಎಚ್ಚರದಿಂದ ಬರೆದಿಟ್ಟಿದ್ದಾನೆ. ಹಬ್ಬದ ಸತ್ಯವನ್ನು ಬಲ್ಲವರು ಎಷ್ಟೋ ಸಲ ಹಿತ್ತಲಿನಲ್ಲಿರುತ್ತಾರೆ.

ನಮ್ಮ ಮದುವೆಗಳಲ್ಲಿಯೂ ಹಾಗೆಯೇ. ಹಿಂದಿನ ಸಂಜೆ ಮನೆಯಂಗಳದಲ್ಲಿ ನಡೆಯುವ ರೋಸಿನಲ್ಲಿ ತೆಂಗಿನ ಹಾಲೆರೆಯುವ ತಾಯಿಯ ಕಣ್ಣಲ್ಲಿ ನೀರಿರುತ್ತದೆ. ವೊವಿಯೊ ಹಾಡುವ ಹಿರಿಯ ಹೆಂಗಸರ ಸ್ವರ ನಡುಗುತ್ತದೆ. ತೀರಿಹೋದವರನ್ನು ನೆನೆದು ಮನೆಮಂದಿ ಪ್ರಾರ್ಥಿಸುತ್ತಾರೆ. ಅಲ್ಲಿ ಬೂತ್ ಇರುವುದಿಲ್ಲ. ಬೂತ್ ಇರುವುದು ನಗುವ ಜಾಗದಲ್ಲಿ. ಬೂತಿನ ಪಟ್ಟಿಗಳು ಮಾತ್ರ ಉಳಿದರೆ, ಈ ಜನ ಅಳುತ್ತಲೇ ಇರಲಿಲ್ಲವೆಂದು ಮುಂದಿನವರು ಬರೆದಾರು. ಕೊಂಕಣಿ ಗೊತ್ತಿಲ್ಲದ, ರೋಸ್ ಕಂಡಿಲ್ಲದ ಸಂಶೋಧಕರು ನಮ್ಮ ಮೊಮ್ಮಕ್ಕಳ ಮಕ್ಕಳೇ ಆಗಿರಬಹುದು ಎಂಬುದನ್ನೂ ಮರೆಯಬಾರದು. ಅವರಲ್ಲಿ ಬಹುಮಂದಿ ಹುಟ್ಟುವುದು ಬೇರೆ ದೇಶಗಳಲ್ಲಿ.

ಮಳೆ, ಬಿಸಿಲು, ಮೊಬೈಲು

ಇಷ್ಟೆಲ್ಲ ಹೇಳಿದರೂ, ಆ ಪಟ್ಟಿ ಅಷ್ಟು ವರ್ಷ ಉಳಿಯುವುದೇ ಎಂಬುದು ಬೇರೆಯೇ ಪ್ರಶ್ನೆ. ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಬಿಂಬವನ್ನು ಹಿಡಿದಿಟ್ಟದ್ದು ಬೆಳ್ಳಿ. ಚೆನ್ನಾಗಿ ತೊಳೆದು ಒಣಗಿಸಿ ಇಟ್ಟಂಥವು ನೂರು ವರ್ಷ ಕಳೆದರೂ ನಿಂತಿವೆ. 1970 ಮತ್ತು 80ರ ದಶಕಗಳ ಬಣ್ಣದ ಫೋಟೋಗಳನ್ನು ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ತೆರೆದು ನೋಡಿ: ನೀಲಿ ಬಣ್ಣ ಮೊದಲು ಮಾಸಿ, ಮದುವಣಗಿತ್ತಿಯ ಬಿಳಿ ಉಡುಪೂ ಇಗರ್ಜಿಯ ಗೋಡೆಯೂ ಒಂದೇ ಕೆಂಪಿಗೆ ತಿರುಗಿವೆ. ಬೂತಿನ ಚಿತ್ರಗಳು ಕಾಗದ, ಬಣ್ಣಗಳ ಗುಣಕ್ಕೆ ತಕ್ಕಂತೆ ಬಾಳುತ್ತವೆ. ಅಂಗಡಿಯ ಬಿಲ್ಲಿನಂಥ ಶಾಖಸೂಕ್ಷ್ಮ ಕಾಗದದ ಮೇಲೆ ಮೂಡಿದ ಚಿತ್ರವಾದರೆ ಬಿಸಿಲು ಬಿದ್ದ ಗೋಡೆಯ ಮೇಲೆ ಬೇಗನೆ ಮಾಸಿಹೋಗುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಬೂಸ್ಟು ಯಾವ ಕಪಾಟನ್ನೂ ಬಿಡುವುದಿಲ್ಲ.

ಮೊಬೈಲಿನಲ್ಲಿದೆಯಲ್ಲ ಎಂದು ಯುವಕರು ಹೇಳುತ್ತಾರೆ. ಕ್ಯಾಮೆರಾ ಚಿತ್ರದೊಳಗೆ ತೆಗೆದ ದಿನ, ಗಂಟೆ, ಕೆಲವೊಮ್ಮೆ ಸ್ಥಳವನ್ನೂ ಗುಪ್ತವಾಗಿ ಬರೆದಿಡುವುದು ನಿಜ. ಆದರೆ ಅದನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳುಹಿಸಿದೊಡನೆ ಆ ಬರಹದ ಬಹುಭಾಗ ಅಳಿಸಿಹೋಗುತ್ತದೆ, ಚಿತ್ರದ ಗಾತ್ರವೂ ಕುಗ್ಗುತ್ತದೆ. ಬೂತಿನವರು ಕೊಡುವ ಅಂತರಜಾಲದ ಕೊಂಡಿ ಕೆಲವು ತಿಂಗಳಲ್ಲೇ ಮುಚ್ಚಿಹೋಗಬಹುದು. ಒಂದು ಕಾಲದಲ್ಲಿ ಮದುವೆಗಳನ್ನು ವಿಡಿಯೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟು ನಿಶ್ಚಿಂತರಾದವರಿಗೆ, ಇಂದು ಅದನ್ನು ತೋರಿಸುವ ಯಂತ್ರವೇ ಸಿಗುತ್ತಿಲ್ಲ ಎಂಬುದು ಗೊತ್ತಿದೆ. ಇವೆಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ. ಯಾವ ಯಂತ್ರವೂ ಚಿತ್ರದಲ್ಲಿರುವವರು ಪರಸ್ಪರ ಏನಾಗಬೇಕು ಎಂಬುದನ್ನು ತಾನಾಗಿ ಅರಿಯದು. ಅದನ್ನು ಬಲ್ಲವರು ಮನೆಯ ಹಿರಿಯರು. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಆದುದರಿಂದ ನಮ್ಮ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟೇ. ಮದುವೆಯಲ್ಲಿ ಬೂತ್ ಇಡುವುದಾದರೆ ಅದರ ಬುಟ್ಟಿಯ ಪಕ್ಕದಲ್ಲಿ ಒಂದು ಸಾದಾ ಪುಸ್ತಕವನ್ನೂ ಪೆನ್ನನ್ನೂ ಇಡಿ. ಯಾರು, ಯಾವ ಊರು, ಯಾರ ಕಡೆಯವರು ಎಂದು ಮಕ್ಕಳಿಂದಲೇ ಬರೆಯಿಸಿ, ಆಟದಂತೆ ಬರೆಯುತ್ತಾರೆ. ಹೊಳಪಿನ ಕಾಗದದ ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ, ಬಾಲ್‌ಪೆನ್ನನ್ನು ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಏಳುತ್ತದೆ. ಪಟ್ಟಿಯನ್ನು ಕಾಗದದ ಲಕೋಟೆಯಲ್ಲಿ ಹಾಕಿ ಲಕೋಟೆಯ ಮೇಲೆ ಮೊದಲೇ ಬರೆಯಿರಿ. ಅಂಟು ಪುಟಗಳ ಆಲ್ಬಮ್ ಬೇಡ, ಆ ಅಂಟೇ ಚಿತ್ರವನ್ನು ತಿನ್ನುತ್ತದೆ. ಏನನ್ನಾದರೂ ತಿದ್ದಿಸಿದರೆ ಮೂಲವನ್ನು ಎಸೆಯಬೇಡಿ; ತಿದ್ದಿದ ಪ್ರತಿಯ ಮೇಲೆ ತಿದ್ದಿದ್ದೆಂದು ಬರೆಯಿರಿ. ಮನೆಯಲ್ಲಿರುವ ಹಳೆಯ ಚಿತ್ರಗಳನ್ನು ಈ ಮಳೆಗಾಲದಲ್ಲಿ ಹಿರಿಯರ ಮುಂದೆ ಹರಡಿ, ಯಾರು ಯಾರೆಂದು ಕೇಳಿ. ಒಂದು ಸಂಜೆಯ ಜಪಸರದ ಬಳಿಕದ ಅರ್ಧ ಗಂಟೆ ಅದಕ್ಕೆ ಸಾಕು.

ಅಜ್ಜಿಯ ವಿಷಯಕ್ಕೆ ಬರೋಣ. ಸ್ಮರಣೆಯ ಕಾರ್ಡಿನ ಮೇಲೆ ಅವರ ಮಗ ಕೊನೆಗೆ ಗುರುತಿನ ಚೀಟಿಯ ಮಸುಕು ಮುಖವನ್ನೇ ಹಾಕಿಸಿದರು. ಮೀಸೆಯ ಚಿತ್ರವನ್ನು ಇದ್ದಂತೆಯೇ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಮನೆಯ ಅಲ್ತಾರಿನ ಪಕ್ಕದ ಗೋಡೆಗೆ ತೂಗಿದರು. ತೂಗುವ ಮುನ್ನ ಚೌಕಟ್ಟಿನ ಬೆನ್ನಿಗೆ ಹೆಸರುಗಳನ್ನು ಬರೆಯಲು ಕುಳಿತಾಗ ಮೂರು ಹೆಸರಾದ ಮೇಲೆ ಅವರ ಕೈ ನಿಂತಿತು. ನಾಲ್ಕನೆಯವಳು ಯಾರು? ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಜನ ಉಂಡ ಪಾತ್ರೆಗಳನ್ನು ತೊಳೆದವಳ ಹೆಸರನ್ನು ಯಾರೂ ಕೇಳಿರಲಿಲ್ಲ. ಹತ್ತಿರವೇ ನಿಂತಿದ್ದ ನಾವೂ ಕೇಳಿರಲಿಲ್ಲ.

ಅವರು ಅಡುಗೆಯವರನ್ನು ವಿಚಾರಿಸಿದರು. ಅವರು ಇನ್ನೊಬ್ಬರ ಕಡೆಗೆ ಕಳುಹಿಸಿದರು. ಮೂರನೆಯ ವಾರದಲ್ಲಿ ಆಕೆಯ ಮನೆ ಸಿಕ್ಕಿತು. ನಮ್ಮ ಧರ್ಮದವಳಲ್ಲ. ಅಜ್ಜಿ ತೀರಿಕೊಂಡ ಸುದ್ದಿ ಕೇಳಿ ಆಕೆ ಜಗುಲಿಯ ಮೇಲೆ ಕುಳಿತುಬಿಟ್ಟಳಂತೆ. ಆಮೇಲೆ, ಆ ಫೋಟೋದ ಒಂದು ಪ್ರತಿ ತನಗೂ ಸಿಕ್ಕೀತೇ ಎಂದು ಕೇಳಿದಳಂತೆ. ಅಂದು ಯಂತ್ರದಿಂದ ಬಂದ ಪಟ್ಟಿಗಳು ಎರಡು. ಎರಡನ್ನೂ ಮೊಮ್ಮಕ್ಕಳು ಇಟ್ಟುಕೊಂಡಿದ್ದರು.

ಈಗ ಆಕೆಯ ಮನೆಯಲ್ಲೂ ಒಂದು ಪ್ರತಿ ಇದೆ. ಆಕೆಯ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಅದು ಇರಬೇಕಾದ ಜಾಗದಲ್ಲಿ, ಚೌಕಟ್ಟಿನ ಬೆನ್ನಿನ ಮೇಲೆ, ಅಜ್ಜಿಯ ಹೆಸರಿನ ಪಕ್ಕದಲ್ಲೇ ಇದೆ. ನೂರು ವರ್ಷಗಳ ಮೇಲೆ ಯಾರಾದರೂ ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿ ತಿರುಗಿಸಿ ನೋಡಿದರೆ, ಅವರಿಗೆ ಸಿಗುತ್ತದೆ.